ಊರು ಕಟ್ಟುವವರ ಓದು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

‘ನಾಗರಿಕತೆ’ ಎಂಬ ಮಾತು ‘ನಗರ’ದಿಂದ ಹುಟ್ಟಿದ್ದು. ನಗರದಲ್ಲಿ ವಾಸಿಸುವವನು ನಾಗರಿಕ. ಅವನ ನಡೆನುಡಿ ನಾಗರಿಕತೆ. ಹೀಗೆಂದು ನಾವು ತರಗತಿಗಳಲ್ಲಿ ಓದಿದ್ದೇವೆ, ಪರೀಕ್ಷೆಗಳಲ್ಲಿ ಬರೆದೂ ಇದ್ದೇವೆ. ಆದರೆ ಆ ನಗರವನ್ನು ಕಟ್ಟುವವರು ಯಾರು, ಆ ವಿದ್ಯೆಯನ್ನು ಅವರು ಎಲ್ಲಿ ಕಲಿತರು, ಯಾರಿಗಾಗಿ ಕಟ್ಟುತ್ತಾರೆ ಎಂಬ ಪ್ರಶ್ನೆ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಬಂದುದನ್ನು ನಾನು ಕಾಣೆ. ವಕೀಲನಾಗಬೇಕಾದರೆ ಕಾಯಿದೆ ಓದಬೇಕು; ವೈದ್ಯನಾಗಬೇಕಾದರೆ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ದುಡಿಯಬೇಕು; ಹೊಲಿಗೆಯ ಯಂತ್ರದ ಮುಂದೆ ಕುಳಿತು ಸಂಪಾದಿಸಬೇಕಾದರೂ ಆರು ತಿಂಗಳು ಕೈ ಪಳಗಬೇಕು. ಒಂದು ಊರಿನ ಐವತ್ತು ಸಾವಿರ ಜನರ ನೀರು, ದಾರಿ, ಚರಂಡಿ, ಸಂತೆ, ಸ್ಮಶಾನಗಳನ್ನು ಗೊತ್ತುಮಾಡುವವರಿಗೆ ಮಾತ್ರ ಯಾವ ಓದೂ ಬೇಡವೆಂದು ನಾವು ನಂಬಿದಂತೆ ತೋರುತ್ತದೆ. ಈ ನಂಬಿಕೆ ತಪ್ಪೆಂದೂ, ಆ ಓದು ನಮ್ಮಂತಹ ಕಲಾ ಕಾಲೇಜುಗಳಲ್ಲಿಯೇ ಮೊದಲಾಗಬೇಕೆಂದೂ, ಅದು ಮೊದಲು ಸಲ್ಲಬೇಕಾದದ್ದು ಊರಿನ ಕೊನೆಯ ಬೀದಿಯ ಮಕ್ಕಳಿಗೆಂದೂ ವಾದಿಸುವುದು ಈ ಲೇಖನದ ಉದ್ದೇಶ.

ಭಾರತವು ಹಳ್ಳಿಗಳ ದೇಶವೆಂಬ ಮಾತನ್ನು ನಾವು ಇನ್ನೂ ಬಿಟ್ಟಿಲ್ಲ. ೨೦೧೧ರ ಜನಗಣತಿಯಲ್ಲಿಯೇ ಕರ್ನಾಟಕದ ನೂರು ಜನರಲ್ಲಿ ಮೂವತ್ತೆಂಟಕ್ಕೂ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದರು. ಎಣಿಕೆಯಲ್ಲಿ ಹೇಳುವುದಾದರೆ ಎರಡು ಕೋಟಿ ಮೂವತ್ತು ಲಕ್ಷಕ್ಕೂ ಮಿಗಿಲು. ನಮ್ಮ ಕಾಲೇಜಿನ ಹಾಜರಿ ಪುಸ್ತಕವನ್ನೇ ತೆರೆದು ನೋಡಿದರೆ ಸಾಕು. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರೂ ಪದವಿ ಮುಗಿದ ಮೇಲೆ ಪಟ್ಟಣದಲ್ಲಿಯೇ ಬಾಡಿಗೆಯ ಕೋಣೆ ಹುಡುಕುವವರು. ಆದ್ದರಿಂದ ಊರು ಹೇಗೆ ಬೆಳೆಯಬೇಕು ಎಂಬುದು ಬೆಂಗಳೂರಿನವರ ಚಿಂತೆ ಮಾತ್ರವೆಂದು ಕೈತೊಳೆದುಕೊಳ್ಳುವಂತಿಲ್ಲ.

ಊರು ಕಟ್ಟುವುದೆಂದರೆ ಎಂಜಿನಿಯರರ ಕೆಲಸ, ಕಲಾ ವಿದ್ಯಾರ್ಥಿಗಳಿಗೆ ಅದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಕೊಳವೆಯ ಗಾತ್ರವೆಷ್ಟು, ರಸ್ತೆಯ ತಳಪಾಯ ಎಷ್ಟು ದಪ್ಪ ಎಂಬುದನ್ನು ಎಂಜಿನಿಯರೇ ಹೇಳಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಕೊಳವೆ ಮೊದಲು ಯಾವ ಬೀದಿಗೆ ಹೋಗಬೇಕು, ರಸ್ತೆ ಅಗಲವಾಗುವಾಗ ಯಾರ ಮನೆಯ ಗೋಡೆ ಬೀಳಬೇಕು, ಉದ್ಯಾನವನದ ಬಾಗಿಲು ಯಾವ ಹೊತ್ತಿಗೆ ಮುಚ್ಚಬೇಕು ಎಂಬುವು ಲೆಕ್ಕದ ಪ್ರಶ್ನೆಗಳಲ್ಲ, ನ್ಯಾಯದ ಪ್ರಶ್ನೆಗಳು.

ಒಂದು ಉದಾಹರಣೆ ಕೊಡುತ್ತೇನೆ. ಕೊಳಾಯಿ ಮತ್ತು ಒಳಚರಂಡಿ ಇರುವ ಪಟ್ಟಣಗಳಲ್ಲಿ ಒಬ್ಬರಿಗೆ ದಿನಕ್ಕೆ ೧೩೫ ಲೀಟರು ನೀರು ಒದಗಬೇಕೆಂಬುದು ನಮ್ಮ ದೇಶದಲ್ಲಿ ಯೋಜನೆಗಳಿಗೆ ಇಟ್ಟುಕೊಂಡಿರುವ ಅಳತೆ. ಒಂದು ಊರಿನ ಅರ್ಧ ಜನಕ್ಕೆ ೨೦೦ ಲೀಟರು, ಉಳಿದರ್ಧಕ್ಕೆ ೭೦ ಲೀಟರು ದೊರೆತರೂ ಸರಾಸರಿ ೧೩೫ ಲೀಟರೇ! ವರದಿಯಲ್ಲಿ ಊರು ತಣ್ಣಗಿದೆ. ಕೊನೆಯ ಬೀದಿಯಲ್ಲಿ ಬಿಂದಿಗೆಗಳ ಸಾಲು ಬೆಳೆದಿದೆ. ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಮೊದಲ ಎಲೆಗಳಿಗೆ ಕೈ ಬಿಚ್ಚಿ ಸುರಿದರೆ ಕೊನೆಯ ಎಲೆಗೆ ಬರುವ ಹೊತ್ತಿಗೆ ಪಾತ್ರೆ ಬರಿದು. ಕೊಳಾಯಿಯ ನೀರಿಗೂ ಇದೇ ಗತಿ. ಬಡಿಸುವವನಿಗೆ ಕೊನೆಯ ಎಲೆಯ ನೆನಪಿರುವಂತೆ ಮಾಡುವುದೇ ಊರು ಕಟ್ಟುವವರ ಶಿಕ್ಷಣದ ಸಾರ ಎಂದು ನಾನು ತಿಳಿದಿದ್ದೇನೆ.

ಇಂತಹ ಶಿಕ್ಷಣ ಹೊಸ ಕಲ್ಪನೆಯೇನೂ ಅಲ್ಲ. ನಮ್ಮ ಸ್ವಾತಂತ್ರ್ಯ ಸಂಗ್ರಾಮದ ಹಿರಿಯರಲ್ಲಿ ಅನೇಕರಿಗೆ ಮುನಿಸಿಪಾಲಿಟಿಯೇ ಪಾಠಶಾಲೆಯಾಗಿತ್ತು. ರಾಜಾಜಿಯವರು ೧೯೧೭ರಿಂದ ೧೯೧೯ರವರೆಗೆ ಸೇಲಂ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಜವಾಹರಲಾಲರು ೧೯೨೩ರಿಂದ ಎರಡು ವರ್ಷ ಅಲಹಾಬಾದಿನ ಪುರಸಭೆಯನ್ನು ನಡೆಸಿದರು. ವಲ್ಲಭಭಾಯಿ ಪಟೇಲರು ೧೯೨೪ರಿಂದ ೧೯೨೮ರವರೆಗೆ ಅಹಮದಾಬಾದು ಮುನಿಸಿಪಾಲಿಟಿಯ ಅಧ್ಯಕ್ಷರು. ಅದೇ ೧೯೨೪ರಲ್ಲಿ ಚಿತ್ತರಂಜನ ದಾಸರು ಕಲ್ಕತ್ತೆಯ ಮೇಯರರಾದಾಗ, ಇಪ್ಪತ್ತೇಳು ವರ್ಷದ ಸುಭಾಷಚಂದ್ರ ಬೋಸರು ಆ ಪಾಲಿಕೆಯ ಮುಖ್ಯ ಕಾರ್ಯನಿರ್ವಾಹಕರಾದರು. ದೇಶವನ್ನು ಆಳುವ ಮೊದಲು ಇವರು ಊರಿನ ಚರಂಡಿಯನ್ನೂ ತೆರಿಗೆಯನ್ನೂ ಅರಿತಿದ್ದರು. ಇವರಿಗೂ ಹಿಂದೆ, ೧೮೭೬ರಿಂದ ಕೆಲವು ವರ್ಷ, ಮಹಾತ್ಮ ಜೋತಿಬಾ ಫುಲೆಯವರು ಪುಣೆಯ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. ಶಾಲೆಯ ಬಾಗಿಲನ್ನು ತೆರೆದವರು ಊರಿನ ಸಭೆಯ ಬಾಗಿಲನ್ನೂ ಪ್ರವೇಶಿಸಿದ್ದು ಆಕಸ್ಮಿಕವಲ್ಲ.

ಆದರೆ ಚರಿತ್ರೆಯನ್ನು ಹೊಗಳಿಕೆಯ ಪಟ್ಟಿಯಾಗಿ ಓದಬಾರದು. ಅದೇ ಕಾಲದ ಇನ್ನೊಂದು ಮುನಿಸಿಪಾಲಿಟಿಯ ಕಥೆಯೂ ಇದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು ಮುಂಬಯಿಯ ಶಾಸನಸಭೆ ೧೯೨೩ರಲ್ಲಿ ನಿರ್ಣಯ ಮಾಡಿತು. ಮಹಾಡಿನ ಪುರಸಭೆ ಮರು ವರ್ಷವೇ ಆ ನಿರ್ಣಯವನ್ನು ಒಪ್ಪಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಬರೆದುಕೊಂಡಿತು. ಬರೆದುಕೊಂಡದ್ದಷ್ಟೇ! ೧೯೨೭ರ ಮಾರ್ಚಿ ೨೦ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಮುಟ್ಟುವವರೆಗೆ ನಿರ್ಣಯವು ಕಾಗದದಲ್ಲಿಯೇ ಮಲಗಿತ್ತು. ಮುಟ್ಟಿದ ಮೇಲೆ ಆ ಜನರ ಮೇಲೆ ಏಟುಗಳೂ ಬಿದ್ದವು. ಇಲ್ಲಿ ನಮಗೆ ಎರಡು ಪಾಠಗಳಿವೆ. ಒಳ್ಳೆಯ ನಿರ್ಣಯವೊಂದೇ ಊರನ್ನು ಬದಲಿಸಲಾರದು ಎಂಬುದು ಮೊದಲನೆಯದು. ಊರಿನ ನೀರು ಯಾರದು ಎಂಬುದನ್ನು ಅರಿತ ನಾಯಕನು, ಆ ನೀರಿನಿಂದ ದೂರವಿಡಲ್ಪಟ್ಟವರ ನಡುವಿನಿಂದಲೇ ಬಂದಾಗ ನಿರ್ಣಯಕ್ಕೆ ಕಾಲು ಬರುತ್ತದೆ ಎಂಬುದು ಎರಡನೆಯದು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಊರುಗಳು ಶತಮಾನದುದ್ದಕ್ಕೂ ‘ವ್ಯವಸ್ಥೆ’ ಎಂದು ಕರೆದು ಸುಮ್ಮನಿದ್ದವು. ೧೯೭೦ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ಅವರಿಗೆ ಮೊದಲು ಆ ಅಧಿಕಾರ ಹಿಡಿದವರಿಗೆಲ್ಲ ಕಣ್ಣಿರಲಿಲ್ಲವೆಂದಲ್ಲ. ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ನಾಟಬೇಕಾದರೆ ಆ ನೋವಿನ ಪರಿಚಯ ಬೇಕು. ಹಾಗೆಂದು ಒಂದು ಆಜ್ಞೆಯಿಂದ ಎಲ್ಲವೂ ಮುಗಿಯಲಿಲ್ಲ. ಕೇಂದ್ರವು ೧೯೯೩ರಲ್ಲಿ ಒಂದು ಕಾಯಿದೆಯನ್ನೂ, ಅದು ಸಾಲದೆಂದು ೨೦೧೩ರಲ್ಲಿ ಮತ್ತೊಂದನ್ನೂ ತರಬೇಕಾಯಿತು. ಕಾಯಿದೆಯ ಹಿಂದೆ ಕಾಯಿದೆ ಬರಬೇಕಾದದ್ದೇ ಊರ ಮಟ್ಟದಲ್ಲಿ ಅದನ್ನು ನಡೆಸಬಲ್ಲವರ ಕೊರತೆಯನ್ನು ತೋರಿಸುತ್ತದೆ.

ಇನ್ನು ಊರನ್ನು ಅಭ್ಯಾಸಮಾಡುವ ಶಾಸ್ತ್ರದ ಮಾತಿಗೆ ಬರೋಣ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಪಂಡಿತರು ಮೂಲತಃ ಜೀವಶಾಸ್ತ್ರಜ್ಞರು. ೧೯೧೪ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳ ಬಗ್ಗೆ ವರದಿ ಬರೆದರು; ೧೯೧೯ರಿಂದ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ಊರಿಗೆ ಚಿಕಿತ್ಸೆ ಮಾಡುವ ಮೊದಲು ಅದರ ನಾಡಿ ಹಿಡಿದು ನೋಡಬೇಕೆಂಬುದು ಅವರ ತತ್ತ್ವ. ಅಗಲ ರಸ್ತೆಗಾಗಿ ಒಂದು ಕೇರಿಯನ್ನೇ ಕೆಡವುವುದರ ಬದಲು, ಬೀಳುವಂತಿರುವ ಕೆಲವು ಮನೆಗಳನ್ನು ಮಾತ್ರ ತೆಗೆದು, ಬಾವಿಯನ್ನು ಶುಚಿಮಾಡಿ, ಮರ ನೆಟ್ಟು, ಇದ್ದ ಜನರನ್ನು ಇದ್ದಲ್ಲಿಯೇ ಉಳಿಸುವ ದಾರಿಯನ್ನು ಅವರು ತೋರಿಸಿದರು. ಅದಕ್ಕೆ ಖರ್ಚೂ ಕಡಿಮೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದರು. ಇಂದೋರಿನಲ್ಲಿ ಪ್ಲೇಗು ಕಾಡುತ್ತಿದ್ದಾಗ, ೧೯೧೭ರ ದೀಪಾವಳಿಯಲ್ಲಿ, ಅಲ್ಲಿಯ ಅರಸರ ಒಪ್ಪಿಗೆಯಿಂದ ಒಂದು ದಿನದ ಮಹಾರಾಜರಾಗಿ ಮೆರವಣಿಗೆಯನ್ನು ಏರ್ಪಡಿಸಿದರು. ಯಾವ ಬೀದಿಯವರು ತಮ್ಮ ಮನೆಗಳನ್ನು ಹೆಚ್ಚು ಶುಚಿಮಾಡಿ ದುರಸ್ತಿ ಮಾಡಿಕೊಳ್ಳುತ್ತಾರೆಯೋ ಆ ಬೀದಿಯಲ್ಲಿ ಮೆರವಣಿಗೆ ಎಂದು ಸಾರಿದೊಡನೆ ಊರೇ ಪೊರಕೆ ಹಿಡಿಯಿತು. ಊರಿನ ಗುಡಿಸುವವರೂ ಅಂದು ಬಿಳಿಯುಡುಪು ತೊಟ್ಟು ಮೆರವಣಿಗೆಯಲ್ಲಿ ನಡೆದರು. ಸೊಗಸಾದ ಕಥೆ ಇದು. ಆದರೂ ಒಂದು ದಿನದ ಹೂಮಾಲೆ ಮರುದಿನದ ಕೂಲಿಯನ್ನು ಹೆಚ್ಚಿಸುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು. ಊರನ್ನು ಒಂದು ದಿನ ಹುರಿದುಂಬಿಸುವುದು ಉತ್ಸವ. ಗುಡಿಸುವವನ ಮಗಳನ್ನು ಯೋಜನೆಯ ಮೇಜಿನ ಬಳಿ ಕೂರಿಸುವುದು ಶಿಕ್ಷಣ.

ಇನ್ನೊಬ್ಬರ ಕಥೆ ನಮ್ಮ ನಾಡಿಗೇ ಸೇರಿದ್ದು. ಆಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ ಹಿಟ್ಲರನ ಜರ್ಮನಿಯನ್ನು ಬಿಟ್ಟು ಹೊರಟು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ೧೯೪೮ರವರೆಗೆ ಇಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಗಳಾಗಿದ್ದರು. ದೇಶವಿಭಜನೆಯ ಬಳಿಕ ನಿರಾಶ್ರಿತರಿಗೆ ಮನೆಗಳನ್ನು ಒದಗಿಸುವ ಹೊಣೆ ಹೊತ್ತು, ಆಮೇಲೆ ಲಂಡನ್ನಿಗೆ ಹೋಗಿ, ಬಿಸಿಲ ನಾಡುಗಳಲ್ಲಿ ಮನೆ ಮತ್ತು ಊರು ಕಟ್ಟುವ ವಿದ್ಯೆಯನ್ನು ೧೯೫೦ರ ದಶಕದಿಂದ ಕಲಿಸಿದರು. ಏಷ್ಯಾ ಆಫ್ರಿಕಾಗಳ ತರುಣರು ಅದನ್ನು ಕಲಿಯಲು ಲಂಡನ್ನಿಗೆ ಹೋದರು. ಹಲವು ವರ್ಷ ಕೂತು ತಯಾರಿಸಿದ ದೊಡ್ಡ ನಕ್ಷೆಗಿಂತ, ಮಾಡುತ್ತ ತಿದ್ದಿಕೊಳ್ಳುವ ಯೋಜನೆ ಬೆಳೆಯುವ ಊರುಗಳಿಗೆ ಮೇಲು ಎಂಬುದು ಅವರ ಬೋಧನೆ. ಮೈಸೂರಿನ ಬಿಸಿಲಿನಲ್ಲಿ ಕಲಿತ ಪಾಠವನ್ನು ಲಂಡನ್ನಿನ ಮಂಜಿನಲ್ಲಿ ಹೇಳಿಕೊಟ್ಟರೆಂದರೆ ತಪ್ಪಾಗಲಾರದು. ಆ ಪಾಠ ಪುನಃ ಮೈಸೂರಿನ ಮಕ್ಕಳಿಗೆ ಬರಬೇಕಾದರೆ ಹಡಗನ್ನೋ ವಿಮಾನವನ್ನೋ ಹತ್ತಲೇಬೇಕೆ? ಇಲ್ಲಿನ ಬೀದಿಗಳೇನೂ ಹಡಗು ಹತ್ತಿ ಹೋಗಿಲ್ಲವಲ್ಲ!

ಇಂದಿನ ಪರಿಸ್ಥಿತಿಯನ್ನು ನೋಡಿದರೆ ಈ ಪ್ರಶ್ನೆಯ ತೀವ್ರತೆ ತಿಳಿಯುತ್ತದೆ. ನಗರ ಯೋಜನೆಯ ಸಾಮರ್ಥ್ಯವನ್ನು ಕುರಿತು ನೀತಿ ಆಯೋಗವು ೨೦೨೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ೭,೯೩೩ ಪಟ್ಟಣಗಳಲ್ಲಿ ನೂರಕ್ಕೆ ೬೫ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ. ರಾಜ್ಯಗಳ ನಗರ ಯೋಜನಾ ಇಲಾಖೆಗಳಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಯೋಜಕರು ಬೇಕಾಗಿದ್ದಲ್ಲಿ ಮಂಜೂರಾಗಿದ್ದ ಹುದ್ದೆಗಳೇ ನಾಲ್ಕು ಸಾವಿರಕ್ಕೆ ಕಡಿಮೆ. ಅವುಗಳಲ್ಲಿಯೂ ನೂರಕ್ಕೆ ೪೨ ಖಾಲಿ. ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ನಗರ ಯೋಜನೆಯ ವಿದ್ಯಾರ್ಹತೆ ಕಡ್ಡಾಯವೂ ಆಗಿರಲಿಲ್ಲ. ಪಂಕ್ತಿಯೇನೋ ಉದ್ದವಾಗಿದೆ, ಬಡಿಸುವವರಿಲ್ಲ.

ಪ್ರಜೆಗಳ ಪಾಲಿನ ಅಧಿಕಾರದ ಕಥೆಯೂ ಹೀಗೆಯೇ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿ ಪುರಸಭೆಗಳಿಗೆ ಭದ್ರವಾದ ಸ್ಥಾನವನ್ನು ಕೊಟ್ಟಿತು. ಹನ್ನೆರಡನೆಯ ಅನುಸೂಚಿಯಲ್ಲಿ ಅವುಗಳಿಗೆ ವಹಿಸಬಹುದಾದ ೧೮ ವಿಷಯಗಳನ್ನು ಪಟ್ಟಿಮಾಡಲಾಗಿದೆ. ಅದರಲ್ಲಿ ಮೊಟ್ಟಮೊದಲನೆಯದೇ ನಗರ ಯೋಜನೆ. ಮಹಿಳೆಯರಿಗೆ ಮೂರರಲ್ಲೊಂದು ಭಾಗಕ್ಕೆ ಕಡಿಮೆಯಾಗದಂತೆ, ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳನ್ನು ಕಾದಿರಿಸಲಾಗಿದೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳು ಇರಬೇಕೆಂದೂ ಅದು ಹೇಳುತ್ತದೆ. ನಮ್ಮಂತಹ ಸಣ್ಣ ಊರುಗಳನ್ನು ಆ ಕಡ್ಡಾಯ ಮುಟ್ಟುವುದಿಲ್ಲ. ದೊಡ್ಡ ಊರಿನಲ್ಲಾದರೂ ಏನಾಯಿತು? ೧೯೮ ವಾರ್ಡುಗಳಿದ್ದ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಹಂಚುವವರೆಗೂ, ಐದು ವರ್ಷ ಕಾಲ, ಅಲ್ಲಿ ಚುನಾವಣೆ ನಡೆಯಲಿಲ್ಲ. ಪುರಸಭೆ ನಾಯಕರ ಪಾಠಶಾಲೆಯೆಂಬುದು ನಿಜವಾದರೆ, ನಾಡಿನ ಅತಿ ದೊಡ್ಡ ಪಾಠಶಾಲೆ ಐದು ವರ್ಷ ಬೀಗ ಹಾಕಿಕೊಂಡಿತ್ತು. ಒಂದು ಪದವಿಗೆ ಮೂರು ವರ್ಷ ಸಾಕು. ಅಷ್ಟರಲ್ಲಿ ಎಷ್ಟು ತರುಣ ತರುಣಿಯರ ಕಲಿಕೆ ನಷ್ಟವಾಯಿತೆಂದು ಯಾರು ಲೆಕ್ಕ ಇಟ್ಟಿದ್ದಾರೆ?

ಈ ವಿಷಯ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ತಾಯಿ ಊರಿನ ಬಸ್ ನಿಲ್ದಾಣದ ಬಳಿ ಇಪ್ಪತ್ತು ವರ್ಷಗಳಿಂದ ಸೊಪ್ಪು ತರಕಾರಿ ಮಾರುವವರು. ಕೆಲವು ವರ್ಷಗಳ ಹಿಂದೆ ಅವರಂತಹವರಿಗಾಗಿ ಎರಡಂತಸ್ತಿನ ಹೊಸ ಮಾರುಕಟ್ಟೆಯನ್ನು ಕಟ್ಟಿದರು. ಕಟ್ಟಡ ಚೆನ್ನಾಗಿಯೇ ಇತ್ತು. ಆದರೆ ಸೊಪ್ಪಿನವರಿಗೆ ಕೊಟ್ಟದ್ದು ಮೇಲಂತಸ್ತು. ನಲವತ್ತು ಕೆ.ಜಿ. ಮಂಕರಿಯನ್ನು ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಒಂದು ಕಟ್ಟು ಕೊತ್ತಂಬರಿಗಾಗಿ ಅಷ್ಟು ಮೆಟ್ಟಿಲು ಹತ್ತುವ ಗಿರಾಕಿ ಯಾರು? ಹೆಂಗಸರ ಶೌಚಾಲಯಕ್ಕೆ ಬೀಗ. ಮೂರು ತಿಂಗಳಲ್ಲಿ ಎಲ್ಲರೂ ಕೆಳಗಿಳಿದು ಮತ್ತೆ ರಸ್ತೆಯ ಬದಿಗೆ ಬಂದರು. ಆಮೇಲೆ ದಂಡ ಕಟ್ಟಿದರು. ಕಟ್ಟಡದ ನಕ್ಷೆಯನ್ನು ಮೊದಲೇ ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆಗಳನ್ನು ಕೇಳಿದ್ದರಂತೆ. ಅದು ಇಂಗ್ಲಿಷಿನಲ್ಲಿತ್ತು. ಓದಬಲ್ಲವರು ಅಲ್ಲಿ ಸೊಪ್ಪು ಮಾರುವವರಾಗಿರಲಿಲ್ಲ. ಸೊಪ್ಪು ಮಾರುವವರು ಓದಬಲ್ಲವರಾಗಿರಲಿಲ್ಲ. ಯಾರಲ್ಲಿಯೂ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಆ ಕಟ್ಟಡವನ್ನು ಕಲ್ಪಿಸಿದ ಕೋಣೆಯಲ್ಲಿ ಮಂಕರಿ ಹೊತ್ತವರು ಒಬ್ಬರೂ ಇರಲಿಲ್ಲ, ಅಷ್ಟೆ. ಆ ‘ಅಷ್ಟೆ’ಗೆ ನಮ್ಮ ಮನೆ ತೆತ್ತ ಬೆಲೆ ನನ್ನ ತಮ್ಮನ ಒಂದು ವರ್ಷದ ಶಾಲೆ.

ಕಾಯಿದೆ ಇಲ್ಲವೆಂದಲ್ಲ. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪ್ರತಿ ಊರಿನಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು. ಅವರಲ್ಲಿ ಮೂರರಲ್ಲೊಂದು ಭಾಗ ಹೆಂಗಸರಿರಬೇಕು. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು. ಇಷ್ಟು ಉದಾರವಾದ ಕಾಯಿದೆಯಿದ್ದರೂ, ಸಮಿತಿಯಲ್ಲಿ ಕೂತ ಹೆಂಗಸಿಗೆ ನಡಾವಳಿ ಓದಲು ಬಾರದಿದ್ದರೆ, ನಕ್ಷೆ ಬಿಡಿಸಿ ನೋಡಲು ತಿಳಿಯದಿದ್ದರೆ, ‘ಇದನ್ನು ಬರೆದುಕೊಳ್ಳಿ ಸ್ವಾಮಿ’ ಎಂದು ಎದ್ದು ನಿಂತು ಹೇಳುವ ಧೈರ್ಯವಿಲ್ಲದಿದ್ದರೆ, ಆ ಸ್ಥಾನ ಹೆಬ್ಬೆಟ್ಟಿನ ಗುರುತಿಗಷ್ಟೇ ಸರಿ. ಕುರ್ಚಿ ಕೊಡುವುದು ಅರ್ಧ ನ್ಯಾಯ. ಕುರ್ಚಿಯಲ್ಲಿ ಕೂತು ಮಾತಾಡುವ ವಿದ್ಯೆಯನ್ನು ಕೊಡುವುದು ಉಳಿದರ್ಧ.

ಹಾಗಾದರೆ ಆ ವಿದ್ಯೆ ಯಾವುದು? ನನ್ನ ತಿಳುವಳಿಕೆಯಲ್ಲಿ ಅದಕ್ಕೆ ನಾಲ್ಕು ಅಂಗಗಳು.

ಮೊದಲನೆಯದು, ಊರನ್ನು ನಡೆದು ನೋಡುವುದು. ಕಾಲುದಾರಿಯಲ್ಲಿ ನಡೆಯಲು ಅಡ್ಡಿಯಿಲ್ಲದ ಜಾಗ ೧.೮ ಮೀಟರಿಗೆ ಕಡಿಮೆಯಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚನೆಯಿದೆ. ಗಾಲಿಕುರ್ಚಿಯವರು ಹತ್ತಬೇಕಾದ ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು. ಒಂದು ಟೇಪನ್ನು ಹಿಡಿದು ಹೊರಟರೆ ಸಾಕು, ನಮ್ಮ ಊರಿನ ಎಷ್ಟು ಕಚೇರಿಗಳು ಅಂಗವಿಕಲರನ್ನು ಹೊರಗೇ ನಿಲ್ಲಿಸಿವೆಯೆಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಎರಡನೆಯದು, ನಕ್ಷೆ ಓದುವುದು. ಮಹಾಯೋಜನೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡ, ಹಸಿರು ಉದ್ಯಾನ. ಈ ಐದು ಬಣ್ಣಗಳನ್ನು ಅರಿಯದವನ ಮನೆಯ ಮೇಲೆ ಅವನಿಗೇ ತಿಳಿಯದಂತೆ ಹಸಿರು ಬಳಿದುಹೋಗಬಹುದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ೧೯೬೧ರದು. ಅದರ ಮೇರೆಗೆ ಯೋಜನೆಯನ್ನು ಪ್ರಕಟಿಸಿ ಜನರ ಅಭಿಪ್ರಾಯವನ್ನು ಕೇಳಲೇಬೇಕು. ಕೇಳಿದಾಗ ಹೇಳಬಲ್ಲ ಜನ ಬೇಡವೆ?

ಮೂರನೆಯದು, ಆಯವ್ಯಯ ಓದುವುದು. ‘ಅಭಿವೃದ್ಧಿ’ಯೆಂಬ ಒಂದು ಮಾತಿನಡಿ ಎಷ್ಟು ಹಣ ಯಾವ ವಾರ್ಡಿಗೆ ಹೋಯಿತೆಂದು ಕೂಡಿ ಕಳೆದು ನೋಡುವುದು. ಸರಾಸರಿಯ ಮುಸುಕನ್ನು ಎತ್ತಿ ಕೊನೆಯ ಬೀದಿಯ ಅಂಕಿಯನ್ನು ಹುಡುಕುವುದು.

ನಾಲ್ಕನೆಯದು, ಕೇಳುವುದು. ಇದು ಎಲ್ಲಕ್ಕಿಂತ ಕಷ್ಟ. ಓದಿದವರಿಗೆ ಹೇಳುವ ಅಭ್ಯಾಸ ಹೆಚ್ಚು. ಪೌರಕಾರ್ಮಿಕಳಿಗೆ ಚರಂಡಿಯ ಓಟ ಎಂಜಿನಿಯರನಿಗಿಂತ ಚೆನ್ನಾಗಿ ಗೊತ್ತು. ಯಾವ ತಿರುವಿನಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಅವಳನ್ನು ಕೇಳಿದವರು ಕಡಿಮೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ನಮ್ಮ ಒಕ್ಕಾಲನ್ನು ಅವರ ಮುಕ್ಕಾಲಿಗೆ ಕೂಡಿಸಿದರೆ ಪೂರ್ಣಾಂಕವಾಗುತ್ತದೆ.

ಇದು ಆಗದ ಹೋಗದ ಮಾತೆನ್ನುವವರು ನೆರೆಯ ಕೇರಳವನ್ನು ನೋಡಬೇಕು. ೧೯೯೬ರ ಆಗಸ್ಟಿನಲ್ಲಿ ಅಲ್ಲಿ ಜನಯೋಜನೆಯ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ವೆಚ್ಚದಲ್ಲಿ ನೂರಕ್ಕೆ ೩೫ರಿಂದ ೪೦ರಷ್ಟನ್ನು ಪಂಚಾಯಿತಿ ಪುರಸಭೆಗಳ ಕೈಗೆ ಒಪ್ಪಿಸಿದರು. ಹಣವನ್ನು ಕೊಟ್ಟು ಕೈಬಿಡಲಿಲ್ಲ. ರಾಜ್ಯ, ಜಿಲ್ಲೆ, ಊರು ಎಂಬ ಮೂರು ಮಟ್ಟಗಳಲ್ಲಿ ಸಾವಿರಾರು ಮಂದಿಗೆ ತರಬೇತಿ ಕೊಟ್ಟರು. ಉಪಾಧ್ಯಾಯರು, ನಿವೃತ್ತ ಎಂಜಿನಿಯರರು, ತರುಣರು ತಾವಾಗಿ ಬಂದು ಸೇರಿದರು. ಎಲ್ಲ ಕಡೆಯೂ ಅದು ಸಫಲವಾಯಿತೆಂದು ಅಲ್ಲಿಯವರೂ ಹೇಳಲಾರರು. ಆದರೆ ಅಧಿಕಾರ ಮತ್ತು ಶಿಕ್ಷಣ ಜೋಡೆತ್ತುಗಳೆಂಬುದನ್ನು ಅವರು ಮೊದಲೇ ಅರಿತಿದ್ದರು.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಮುಚ್ಚಿಡಲಾರೆ. ಕಾಲೇಜಿಗೆ ಪುರಸಭೆಯ ರಾಜಕೀಯ ಕಾಲಿಡುತ್ತದೆ ಎಂಬುದು ಹಿರಿಯರ ಭಯ. ಭಯಕ್ಕೆ ಆಧಾರವಿದೆ. ಆದರೆ ಪಕ್ಷದ ಬಾವುಟ ಹಿಡಿಯುವುದು ಬೇರೆ, ಚರಂಡಿಯ ಆಳ ಅಳೆಯುವುದು ಬೇರೆ. ಅಳತೆಯ ಟೇಪಿಗೆ ಪಕ್ಷವಿಲ್ಲ. ಇಂತಹ ತರಬೇತಿಗೆ ಸಂಸ್ಥೆಗಳು ಇದ್ದೇ ಇವೆಯಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಇವೆ, ನಿಜ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಪುರಸಭೆಯ ಸದಸ್ಯರಿಗೂ ನೌಕರರಿಗೂ ತರಬೇತಿ ಕೊಡುತ್ತದೆ. ದೆಹಲಿ, ಅಹಮದಾಬಾದುಗಳಲ್ಲಿ ಹೆಸರಾಂತ ಶಾಲೆಗಳಿವೆ. ಆದರೆ ಗೆದ್ದ ಮೇಲೆ ಕೆಲವು ದಿನ ಕೊಡುವ ತರಬೇತಿ, ಗೆಲ್ಲಬಲ್ಲವರನ್ನು ಬೆಳೆಸುವುದಿಲ್ಲ. ದೂರದ ಶಾಲೆಯ ಶುಲ್ಕವನ್ನೂ ಇಂಗ್ಲಿಷನ್ನೂ ಹೊರಬಲ್ಲವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿ? ಸಮಾನತೆಯನ್ನು ಕಲಿಸುವ ಶಾಲೆಯ ಹೊಸ್ತಿಲೇ ಎತ್ತರವಾದರೆ ಒಳಗೆ ಬರುವವರು ಮತ್ತೆ ಅವರೇ. ಸಂಬಳವಿಲ್ಲದ ‘ಅನುಭವ’ದ ಕೆಲಸವೂ ಹಾಗೆಯೇ, ಸಂಜೆ ಅಂಗಡಿಯಲ್ಲಿ ದುಡಿದು ಶುಲ್ಕ ಕಟ್ಟುವವನಿಗೆ ಅದು ಎಟುಕದ ದ್ರಾಕ್ಷಿ.

ಮೂರನೆಯ ಆಕ್ಷೇಪಣೆ ನನ್ನ ಸಹಪಾಠಿಗಳದೇ. ಇದರಿಂದ ಕೆಲಸ ಸಿಗುತ್ತದೆಯೇ ಎಂದು ಅವರು ಕೇಳುತ್ತಾರೆ. ಮನೆಯಲ್ಲಿ ಮೊದಲು ಪದವಿ ಹಿಡಿಯುವವರು ಈ ಪ್ರಶ್ನೆಯನ್ನು ಕೇಳುವುದು ಲಘುತನವಲ್ಲ. ಪದವಿಯ ಹಿಂದೆ ಸಾಲವಿದೆ. ಅಪ್ಪ ಅಮ್ಮಂದಿರ ಬೆನ್ನುನೋವಿದೆ. ನನ್ನ ಉತ್ತರ ಇಷ್ಟು: ನೂರಕ್ಕೆ ೪೨ ಹುದ್ದೆಗಳು ಖಾಲಿಯಿದ್ದ ಕ್ಷೇತ್ರವನ್ನು ಕೆಲಸವಿಲ್ಲದ ಕ್ಷೇತ್ರವೆನ್ನಲಾಗದು. ಹುದ್ದೆಯನ್ನು ತುಂಬಿರೆಂದು ಕೇಳುವವರೂ ಆ ಓದು ಓದಿದವರೇ ಆಗಬೇಕು. ಕೆಲಸ ಸಿಕ್ಕಿದೊಡನೆ ಬೆಂಗಳೂರಿನ ಬಸ್ಸು ಹತ್ತಿ, ಬಂದ ಬೀದಿಯನ್ನು ಮರೆತರೆ ಮಾತ್ರ ಈ ಓದು ವ್ಯರ್ಥ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರನ್ನು ನಮ್ಮ ಊರುಗಳು ಬೇಕಾದಷ್ಟು ಕಂಡಿವೆ.

ಆದ್ದರಿಂದ ನಮ್ಮ ಅಧ್ಯಾಪಕ ವೃಂದದ ಮುಂದೆ ಮೂರು ವಿನಂತಿಗಳನ್ನು ಇಡಬಯಸುತ್ತೇನೆ. ಒಂದು, ಪ್ರತಿ ವರ್ಷ ಅಂತಿಮ ತರಗತಿಯವರು ಊರಿನ ಒಂದು ವಾರ್ಡನ್ನು ಮನೆಯಿಂದ ಮನೆಗೆ ಸಮೀಕ್ಷೆ ಮಾಡಲಿ. ನೀರು ಎಷ್ಟು ಹೊತ್ತು ಬರುತ್ತದೆ, ಶೌಚಾಲಯಗಳ ಬಾಗಿಲು ತೆರೆದಿದೆಯೇ, ದೀಪ ಉರಿಯುತ್ತದೆಯೇ ಎಂಬುದನ್ನು ಬರೆದು, ಪುರಸಭೆಯ ಮುಂದೆಯೂ ಆ ವಾರ್ಡಿನ ಜನರ ಮುಂದೆಯೂ ಕನ್ನಡದಲ್ಲಿ ಓದಿ ಹೇಳಲಿ. ಭೂಗೋಳದವರು ನಕ್ಷೆ ಬರೆಯಲಿ, ಅರ್ಥಶಾಸ್ತ್ರದವರು ಆಯವ್ಯಯ ಬಿಡಿಸಲಿ, ರಾಜ್ಯಶಾಸ್ತ್ರದವರು ಕಾಯಿದೆ ಹೇಳಲಿ, ಕನ್ನಡದವರು ಅದನ್ನೆಲ್ಲ ನಮ್ಮ ತಾಯಂದಿರಿಗೆ ತಿಳಿಯುವ ಮಾತಿಗೆ ತರಲಿ. ಎರಡು, ಇದಕ್ಕೆ ಅಂಕಗಳಿರಲಿ. ಬಡ ವಿದ್ಯಾರ್ಥಿಗಳಿಗೆ ಆ ದಿನಗಳ ಕೂಲಿಗೆ ಬದಲಾಗಿ ಸಣ್ಣ ವೇತನವಿರಲಿ. ಮೂರು, ಭಾನುವಾರದ ಸಂಜೆ ಕಾಲೇಜಿನ ಒಂದು ಕೋಣೆ ಪೌರಕಾರ್ಮಿಕರಿಗೂ ಬೀದಿ ವ್ಯಾಪಾರಿಗಳಿಗೂ ಹೊಸ ಸದಸ್ಯೆಯರಿಗೂ ತೆರೆದಿರಲಿ. ಅಲ್ಲಿ ಅವರು ನಮಗೆ ಊರನ್ನು ಕಲಿಸಲಿ, ನಾವು ಅವರಿಗೆ ನಡಾವಳಿಯನ್ನು ಓದಿ ಹೇಳೋಣ. ಇದಕ್ಕೆ ಬೇಕಾದದ್ದು ಒಂದು ಕರಿಹಲಗೆ, ಒಂದು ಊರ ನಕ್ಷೆ, ಒಂದು ಅಳತೆಯ ಟೇಪು.

ಪ್ರಿಯ ಸಹಪಾಠಿಗಳೇ, ನಾಳಿನ ನಾಯಕರು ನೀವೇ ಎಂದು ಪ್ರತಿ ವಾರ್ಷಿಕೋತ್ಸವದಲ್ಲಿಯೂ ಅತಿಥಿಗಳು ನಮಗೆ ಹೇಳಿ ಹೋಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ನಾಳೆ ಎಂಬುದು ಎಲ್ಲಿಯೋ ದೂರದಲ್ಲಿಲ್ಲ. ಪುರಸಭೆಯ ಮುಂದಿನ ಸಾಮಾನ್ಯ ಸಭೆಯ ಸೂಚನೆ ಈಗಲೇ ಅದರ ಫಲಕದ ಮೇಲಿರಬಹುದು. ಕಾ​ಲೇಜಿನಿಂದ ಮನೆಗೆ ಹೋಗುವಾಗ ಎರಡು ನಿಮಿಷ ನಿಂತು ಅದನ್ನು ಓದಿರಿ. ಓದಲು ಬಾರದವರೊಬ್ಬರು ಪಕ್ಕದಲ್ಲಿ ನಿಂತಿದ್ದರೆ ಗಟ್ಟಿಯಾಗಿ ಓದಿರಿ.